ಮೊದಲ ಎಫ್‌ಎಂ ಮೊದಲ ದಿನದಿಂದಲೇ ಕನ್ನಡದ್ದೇ?

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ ಸಂದೇಶ): ಭಾರತದ ಮೊಟ್ಟಮೊದಲ ಎಫ್‌ಎಂ ರೇಡಿಯೊ ನಮ್ಮ ಬೆಂಗಳೂರಿನದು! 2001ರ ಜುಲೈ 3ರಂದು ಆರಂಭವಾದ ರೇಡಿಯೊ ಸಿಟಿ ಮೊದಲ ದಿನದಿಂದಲೂ ಅಚ್ಚಕನ್ನಡದ ದನಿ. ಹೆಮ್ಮೆಯಿಂದ ಹತ್ತು ಗುಂಪುಗಳಿಗೆ ಕಳುಹಿಸಿ.

ದೊಡ್ಡಪ್ಪ: ದಿನಾಂಕ ಸರಿಯಾಗಿದೆ, ಉಳಿದದ್ದು ಸರಿಯಿಲ್ಲ. ಸರ್ಕಾರಿ ಆಕಾಶವಾಣಿಯು ಮದ್ರಾಸಿನಲ್ಲಿ 1977ರಲ್ಲೇ ಎಫ್‌ಎಂ ಪ್ರಸಾರ ಆರಂಭಿಸಿತ್ತು. ‘ಮೊದಲ ಖಾಸಗಿ ಎಫ್‌ಎಂ’ ಎಂದು ಬರೆದರೆ ನನ್ನ ತಕರಾರಿಲ್ಲ. ಆದರೆ ‘ಖಾಸಗಿ’ ಎಂಬ ಮಾತು ಬಂದಾಗ ಮೈಸೂರಿನವನಾದ ನಾನು ಸುಮ್ಮನಿರಲಾರೆ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ನಡೆಸಿದ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರವೂ ಖಾಸಗಿ ಸಾಹಸವೇ ಆಗಿತ್ತು. ಅದು ಎಫ್‌ಎಂ ಅಲ್ಲ, ಅಷ್ಟೇ.

ವಸುಧಾ ಅತ್ತೆ: ದೊಡ್ಡಣ್ಣ, ಮೈಸೂರನ್ನು ತರದೆ ನಿಮ್ಮ ಮಾತು ಮುಗಿಯುವುದುಂಟೇ! ನನಗೆ ಅದಕ್ಕಿಂತ ದೊಡ್ಡ ತಪ್ಪಾಗಿ ಕಂಡದ್ದು ‘ಮೊದಲ ದಿನದಿಂದಲೂ ಅಚ್ಚಕನ್ನಡ’ ಎಂಬ ಮಾತು. ಆರಂಭದ ವರ್ಷಗಳಲ್ಲಿ ಆ ನಿಲ್ದಾಣದಲ್ಲಿ ಕೇಳಿಬರುತ್ತಿದ್ದದ್ದು ಇಂಗ್ಲಿಷ್, ಹಿಂದಿ, ಕನ್ನಡಗಳ ಮಿಶ್ರಣ. ಅದರಲ್ಲಿ ಕನ್ನಡದ ಪಾಲು ಚಿಕ್ಕದು. ಇಂದು ಕನ್ನಡ ಹಾಡು ಕೇಳುತ್ತಿದೆ ಎಂದ ಮಾತ್ರಕ್ಕೆ ಅಂದೂ ಹಾಗೆಯೇ ಇತ್ತು ಎಂದು ಬರೆದರೆ, ನಡುವೆ ಆದ ಬದಲಾವಣೆಯೇ ಅಳಿಸಿಹೋಗುತ್ತದೆ.

ಪವನ: ಅತ್ತೆ, ನೀವು ಹೇಳಿದ್ದು ನಿಜ. ಆದರೆ ಅದಕ್ಕೆ ಕಾರಣ ಭಾಷೆಯ ಬಗೆಗಿನ ತಾತ್ಸಾರವಲ್ಲ, ಲೆಕ್ಕಾಚಾರ. ಖಾಸಗಿ ಎಫ್‌ಎಂಗಾಗಿ ಸರ್ಕಾರ ನಡೆಸಿದ ಮೊದಲ ಹಂತದ ಹರಾಜಿನ ನಿಯಮದಂತೆ ನಿಲ್ದಾಣಗಳು ಹರಾಜಿನಲ್ಲಿ ಕೂಗಿದ ಶುಲ್ಕವನ್ನು ಪ್ರತಿವರ್ಷ ಕಟ್ಟಬೇಕಿತ್ತು. ಗಳಿಕೆ ಏರಲಿ, ಇಳಿಯಲಿ, ಶುಲ್ಕ ಮಾತ್ರ ವರ್ಷಕ್ಕೆ ಶೇಕಡಾ 15ರಷ್ಟು ಏರುತ್ತಿತ್ತು. 40 ನಗರಗಳಿಗೆ 108 ತರಂಗಾಂತರಗಳನ್ನು ಹರಾಜಿಗಿಟ್ಟರೂ ಕೊನೆಗೆ ನಿಂತದ್ದು 12 ನಗರಗಳಲ್ಲಿ 21 ನಿಲ್ದಾಣಗಳು ಮಾತ್ರ. ಆ ಹೊರೆ ಹೊತ್ತವರು ಹೆಚ್ಚು ಜಾಹೀರಾತು ತರುವ ಕೇಳುಗರನ್ನು, ಅಂದರೆ ಎಂ.ಜಿ. ರಸ್ತೆಯ ಯುವಜನರನ್ನು ಮೊದಲು ಹುಡುಕಿದ್ದು ಸಹಜ. 2005ರ ನೀತಿಯಲ್ಲಿ ವಾರ್ಷಿಕ ಶುಲ್ಕ ಒಟ್ಟು ವರಮಾನದ ಶೇಕಡಾ 4ಕ್ಕೆ ಇಳಿಯಿತು. 2006–07ರಲ್ಲಿ ಮಿರ್ಚಿ, ಬಿಗ್, ಫೀವರ್, ರೇಡಿಯೊ ಒನ್, ಎಸ್‌ಎಫ್‌ಎಂ, ಇಂಡಿಗೊ ಬೆಂಗಳೂರಿಗೆ ಬಂದವು. ರೇಡಿಯೊ ಸಿಟಿಯೂ ಸೇರಿ ಏಳು ನಿಲ್ದಾಣಗಳು ಒಂದೇ ಬಳಗದ ಕೇಳುಗರನ್ನು ಹಂಚಿಕೊಂಡು ಬದುಕಲಾರವು. ಆದ್ದರಿಂದಲೇ ಕನ್ನಡಕ್ಕೆ ಬೆಲೆ ಬಂತು.

ಚಿಕ್ಕಪ್ಪ: ಇನ್ನೊಂದನ್ನು ಸೇರಿಸುತ್ತೇನೆ. ಅಷ್ಟರಲ್ಲಿ ಅಗ್ಗದ ಮೊಬೈಲಿಗೂ ಎಫ್‌ಎಂ ಬಂದಿತ್ತು. ಇಯರ್‌ಫೋನಿನ ತಂತಿಯೇ ಆಂಟೆನಾ ಆದ ಮೇಲೆ ಆಟೊ ಚಾಲಕರು, ಗ್ಯಾರೇಜಿನ ಹುಡುಗರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಎಲ್ಲರೂ ಕೇಳುಗರಾದರು. ಮಿರ್ಚಿಯವರ ‘ಸಖತ್ ಹಾಟ್ ಮಗಾ’ ಎಂಬ ಘೋಷಣೆ ಪುಸ್ತಕದ ಕನ್ನಡವಲ್ಲ, ಬೀದಿಯ ಕನ್ನಡ. ಅದು ಯಾರನ್ನು ಕರೆಯುತ್ತಿತ್ತು ಎಂಬುದು ಆ ಮಾತಿನಲ್ಲೇ ಇದೆ.

ವಸುಧಾ ಅತ್ತೆ: ಪವನ, ನಿನ್ನ ಶುಲ್ಕದ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅದೇ ಮೊದಲ ಹಂತದ ನಿಯಮಗಳ ಕೆಳಗೆ, ಅದೇ ಬಗೆಯ ಶುಲ್ಕ ಕಟ್ಟುತ್ತ, 2003ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸೂರಿಯನ್ ಎಫ್‌ಎಂ ತಮಿಳಿನಲ್ಲೇ ಮಾತಾಡಿತು, ತಮಿಳು ಹಾಡನ್ನೇ ಹಾಕಿತು. ಶುಲ್ಕವೊಂದೇ ಕಾರಣವಾಗಿದ್ದರೆ ಅಲ್ಲಿಯೂ ಇಂಗ್ಲಿಷ್, ಹಿಂದಿಯೇ ಮೊಳಗಬೇಕಿತ್ತಲ್ಲವೇ?

ಪವನ: ಆ ಹೋಲಿಕೆ ನನಗೆ ಹೊಳೆದಿರಲಿಲ್ಲ, ಅತ್ತೆ. ಆದರೂ ಚೆನ್ನೈಯಲ್ಲಿ ಜಾಹೀರಾತು ಕೊಡುವವರಿಗೆ ಕೇಳುಗರ ಭಾಷೆಯ ಬಗ್ಗೆ ಅನುಮಾನವೇ ಇರಲಿಲ್ಲ. ಬೆಂಗಳೂರಿನಲ್ಲಿ ಹಣವಿರುವವರು ಕನ್ನಡ ಕೇಳುವುದಿಲ್ಲ ಎಂದು ಅವರು ಊಹಿಸಿಕೊಂಡಿದ್ದರು.

ವಸುಧಾ ಅತ್ತೆ: ಆ ಊಹೆಯನ್ನೇ ನಾನು ಆಗಿನಿಂದ ಹೇಳುತ್ತಿರುವುದು. ನೀನು ಅದಕ್ಕೆ ಲೆಕ್ಕಾಚಾರ ಎಂದು ಹೆಸರಿಟ್ಟೆ.

ದೊಡ್ಡಪ್ಪ: ನೀವಿಬ್ಬರೂ ಬರಿಯ ಹಾಡಿನ ಭಾಷೆಯನ್ನೇ ‘ಬದಲಾವಣೆ’ ಎನ್ನುತ್ತಿದ್ದೀರಿ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಬಿತ್ತರಿಸುವ ಅನುಮತಿ ಇಂದಿಗೂ ಇಲ್ಲ; 2011ರ ನೀತಿ ಕೊಟ್ಟದ್ದು ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡುವ ಅವಕಾಶವನ್ನು ಮಾತ್ರ. ವಾರ್ತೆಯಿಲ್ಲದ ನಿಲ್ದಾಣ ಬದಲಾಗಬೇಕೆಂದರೆ ಹಾಡನ್ನೂ ನಿರೂಪಕರ ಮಾತಿನ ಧಾಟಿಯನ್ನೂ ಬಿಟ್ಟು ಇನ್ನೇನನ್ನು ಬದಲಿಸೀತು? ಇಂಗ್ಲಿಷಿಗೆಂದೇ ಬಂದ ಇಂಡಿಗೊ ಒಂದನ್ನು ಬಿಟ್ಟರೆ, ಮುಳ್ಳು ಎಲ್ಲಿ ತಿರುಗಿಸಿದರೂ ಸಿನಿಮಾ ಹಾಡೇ ಸಿಗುವುದಕ್ಕೆ ಇದೂ ಒಂದು ಕಾರಣ. ಶಾಸ್ತ್ರೀಯ ಸಂಗೀತಕ್ಕೆಂದೇ 100.1ರಲ್ಲಿ ‘ಅಮೃತವರ್ಷಿಣಿ’ಯನ್ನು ತೆರೆದದ್ದು ಕೂಡ ಆಕಾಶವಾಣಿಯೇ ಹೊರತು ಖಾಸಗಿಯವರಲ್ಲ.

ಚಿಕ್ಕಪ್ಪ: ಹಾಗಾದರೆ ಸಂದೇಶವನ್ನು ಹೀಗೆ ತಿದ್ದಿದ್ದೇನೆ: ‘ಭಾರತದ ಮೊದಲ ಖಾಸಗಿ ಎಫ್‌ಎಂ ನಿಲ್ದಾಣ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಆರಂಭವಾಯಿತು, ಕನ್ನಡ ಅದರಲ್ಲಿ ಮುಂದಿನ ಸಾಲಿಗೆ ಬಂದದ್ದು ಆಮೇಲೆ.’ ಹತ್ತು ಗುಂಪುಗಳ ಮಾತನ್ನು ತೆಗೆದುಹಾಕಿದ್ದೇನೆ. ಆದರೆ ಹಳೆಯ ಸಂದೇಶವನ್ನು ಬೆಳಿಗ್ಗೆಯೇ ನಾಲ್ಕು ಗುಂಪುಗಳಿಗೆ ಕಳುಹಿಸಿಬಿಟ್ಟಿದ್ದೇನೆ.

ವಸುಧಾ ಅತ್ತೆ: ಆ ನಾಲ್ಕಕ್ಕೂ ತಿದ್ದಿದ್ದನ್ನು ಕಳುಹಿಸು. ‘ಆಮೇಲೆ’ ಎಂಬಲ್ಲಿ 2006 ಎಂಬುದನ್ನೂ ಸೇರಿಸು.

ಪವನ: ‘2006ರ ನಂತರ’ ಎಂದು ಬರೆಯಿರಿ, ಚಿಕ್ಕಪ್ಪ. ಅದು ಒಂದೇ ದಿನದಲ್ಲಿ ಆದ ಬದಲಾವಣೆಯಲ್ಲ.