ಅಪ್‌ಡೇಟ್: ಕಾಫಿ ಹೂವಿನ ಚಿತ್ರಗಳು ಕೊನೆಗೂ ಸ್ವೀಕೃತವಾದವು

ಹೂಮಳೆಯ ನಂತರ ಚಿಕ್ಕಮಗಳೂರಿನ ತೋಟದಲ್ಲಿ ತೆಗೆದ ಕಾಫಿ ಹೂವಿನ ಚಿತ್ರಗಳನ್ನು ಸ್ಟಾಕ್ ಫೋಟೊ ಜಾಲತಾಣವೊಂದು (ಇತರರ ಬಳಕೆಗಾಗಿ ಚಿತ್ರಗಳನ್ನು ಮಾರುವ ತಾಣ) ನಾಯ್ಸ್ (ಚಿತ್ರದಲ್ಲಿ ಕಾಣುವ ಮರಳಿನಂತಹ ಚುಕ್ಕೆಗಳು) ಹೆಚ್ಚಾಗಿದೆ, ಫೋಕಸ್ ಸರಿಯಿಲ್ಲ ಎಂದು ತಿರಸ್ಕರಿಸುತ್ತಿದೆ, ಏನು ಮಾಡಲಿ ಎಂದು ಕೆಲವು ದಿನಗಳ ಹಿಂದೆ ಕೇಳಿದ್ದೆ. ಹೊಸದಾಗಿ ತೆಗೆದ ಚಿತ್ರಗಳು ಈಗ ಸ್ವೀಕೃತವಾಗಿವೆ. ಸಲಹೆ ನೀಡಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಫಲ ಕೊಟ್ಟದ್ದು, ಟ್ರೈಪಾಡ್ ಬಳಸಿ ಐಎಸ್‌ಓವನ್ನು (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 100ಕ್ಕೆ ಇಳಿಸಿ ಎಂಬ ಸಲಹೆ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಬೆಳಕು ಸಾಲದೆ ಕ್ಯಾಮೆರಾ ತಾನಾಗಿಯೇ ಐಎಸ್‌ಓ ಏರಿಸುತ್ತಿತ್ತು, ಅದರಿಂದ ನಾಯ್ಸ್ ಹೆಚ್ಚುತ್ತಿತ್ತು. ಐಎಸ್‌ಓ ಇಳಿಸಿದರೆ ಶಟರ್ ನಿಧಾನವಾಗಿ, ಅಲುಗುವ ಹೂವು ಮಸುಕಾಗುವುದರಿಂದ, ಗಾಳಿ ಏಳುವ ಮುನ್ನವೇ ಚಿತ್ರ ತೆಗೆಯಬೇಕಾಯಿತು. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಮಾತ್ರ ನೆರವಾಗಲಿಲ್ಲ: ಎಸಳುಗಳ ನವಿರಾದ ಗೆರೆಗಳು ಅಳಿಸಿಹೋಗಿ, ಹೂವು ಮೇಣದಲ್ಲಿ ಮಾಡಿದಂತೆ ಕಾಣುತ್ತಿತ್ತು. ಚಿತ್ರದ ಅಳತೆ ಹಿಗ್ಗಿಸುವುದೂ ಪ್ರಯೋಜನಕ್ಕೆ ಬರಲಿಲ್ಲ.

ನಿರೀಕ್ಷಿಸದೇ ಇದ್ದ ಸಂಗತಿಯೆಂದರೆ ಅಪರ್ಚರ್‌ನದು (ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ಎಲ್ಲವೂ ಸ್ಪಷ್ಟವಾಗಿರಲೆಂದು ಎಫ್/22 ಇಟ್ಟರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದು) ಇಡೀ ಚಿತ್ರವೇ ತುಸು ಮಸುಕಾಗುತ್ತದೆ, ಸೆನ್ಸರ್ ಮೇಲಿನ ದೂಳಿನ ಕಲೆಗಳೂ ಎದ್ದು ಕಾಣುತ್ತವೆ. ಎಫ್/8ರಲ್ಲಿ ತೆಗೆದ ಚಿತ್ರವನ್ನು ಶೇ. 100ರ ಗಾತ್ರದಲ್ಲಿ ನೋಡಿದಾಗ ಕೇಸರಗಳು ಬಿಡಿಬಿಡಿಯಾಗಿ ಕಂಡವು. ಅಂದಹಾಗೆ, ತೋಟದ ಕೆಲಸಗಾರರ ಮುಖ ಗುರುತು ಸಿಗುವಂತಹ ಚಿತ್ರವನ್ನು ಜಾಹೀರಾತಿನ ಬಳಕೆಗೆ ಕೊಡುವುದಾದರೆ, ಅವರ ಸಹಿಯಿರುವ ಮಾಡೆಲ್ ರಿಲೀಸ್ (ಚಿತ್ರ ಬಳಸಲು ಒಪ್ಪಿಗೆ) ಪತ್ರವನ್ನೂ ಜೊತೆಗೆ ಸಲ್ಲಿಸಬೇಕಾಗುತ್ತದೆ.