ಮೂರು ಪ್ಯಾಚ್, ಮೂವರು ಮೇಂಟೇನರ್: ಯಾರ ಟ್ರೀ ಮೂಲಕ ಹೋಗಬೇಕು?

ಮೂಡಿಗೆರೆ_ಮಳೆ
ನಮಸ್ಕಾರ. ನಮ್ಮ ಕಾಫಿ ಗೋಡೌನಿನಲ್ಲಿ ಗಾಳಿಯ ತೇವ ನೋಡೋಕೆ ಒಂದು ಬೋರ್ಡ್ ಇಟ್ಟಿದ್ದೇನೆ. ಚಿಪ್ ಒಂದೇ, ಆದರೆ ತೇವವನ್ನೂ ಅಳೆಯುತ್ತದೆ, ಫ್ಯಾನ್ ಹಾಕೋಕೆ ಜಿಪಿಐಒ (ಸಾಫ್ಟ್‌ವೇರ್‌ನಿಂದ ಆನ್-ಆಫ್ ಮಾಡಬಹುದಾದ) ಪಿನ್ನೂ ಕೊಡುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಡ್ರೈವರ್ ಇರಲಿಲ್ಲ, ನಾನೇ ಬರೆದೆ. ಅದು ಮೂರು ಪ್ಯಾಚ್ (ಕೋಡ್ ಬದಲಾವಣೆ) ಆಯಿತು, ಒಂದೊಂದೂ ಬೇರೆ ವಿಭಾಗದ್ದು; ಪ್ರತಿ ವಿಭಾಗಕ್ಕೂ ಒಬ್ಬ ಮೇಂಟೇನರ್ (ಉಸ್ತುವಾರಿ), ಅವರದೇ ಟ್ರೀ (ಕೋಡ್‌ನ ಪ್ರತಿ). ಮೊದಲ ಪ್ಯಾಚ್ ಎಂಎಫ್‌ಡಿಗೆ (ಹಲವು ಕೆಲಸ ಮಾಡುವ ಚಿಪ್‌ಗಳ ವಿಭಾಗ), ಹೆಡರ್ ಫೈಲ್ (ಉಳಿದೆರಡಕ್ಕೂ ಬೇಕಾದ ವಿವರಗಳಿರುವ ಫೈಲ್) ಇರೋದು ಅದರಲ್ಲೇ. ಎರಡನೆಯದು ಐಐಒಗೆ (ಸೆನ್ಸರ್‌ಗಳ ವಿಭಾಗ), ಮೂರನೆಯದು ಜಿಪಿಐಒಗೆ. ವಿ4 (ನಾಲ್ಕನೆಯ ಆವೃತ್ತಿ) ಕಳಿಸಿದ್ದಾಯಿತು, ಕೋಡ್ ಬಗ್ಗೆ ಯಾರದೂ ತಕರಾರಿಲ್ಲ. ಐಐಒದವರು ‘ಎಂಎಫ್‌ಡಿ ಪ್ಯಾಚ್ ಮೊದಲು ಹೋಗಲಿ’ ಅಂತಾರೆ, ಎಂಎಫ್‌ಡಿಯವರು ‘ಉಳಿದವರ ಅಕ್ (ಒಪ್ಪಿಗೆ) ಬರಲಿ’ ಅಂತಾರೆ. ಈಗಾಗಲೇ ಆರ್‌ಸಿ4 (ಬಿಡುಗಡೆಗೆ ಮುಂಚಿನ ನಾಲ್ಕನೆಯ ಪರೀಕ್ಷಾ ಆವೃತ್ತಿ). ನಾನು ಸುಮ್ನೆ ಕಾಯಬೇಕಾ?

ಹಾಸನದ_ಕಂಪೈಲರ್
ಕಾಯಬೇಡಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಲುಪೇ ಇಲ್ಲ ಅನ್ನಿಸುತ್ತದೆ. ಕವರ್ ಲೆಟರ್‌ನ (ಮೂರೂ ಪ್ಯಾಚ್‌ಗಳನ್ನು ಪರಿಚಯಿಸುವ ಮೇಲ್) ಸಿಸಿ ಒಮ್ಮೆ ತೆಗೆದು ನೋಡಿ. ಯಾರಿಗೆ ಕಳಿಸಬೇಕು ಅಂತ ಹೇಳುವ ಗೆಟ್-ಮೇಂಟೇನರ್ ಸ್ಕ್ರಿಪ್ಟನ್ನು ಒಂದೊಂದು ಪ್ಯಾಚ್‌ಗೂ ಬೇರೆ ಬೇರೆ ಓಡಿಸಿದರೆ ಅವರವರ ಪ್ಯಾಚ್ ಅವರವರಿಗೆ ಮಾತ್ರ ಹೋಗುತ್ತದೆ, ಪೂರ್ತಿ ಸೀರೀಸ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂವರಿಗೂ ಒಂದೇ ಮೇಲ್ ಹಾಕಿ, ನೇರವಾಗಿ ಕೇಳಿ: 2 ಮತ್ತು 3ಕ್ಕೆ 1ರ ಹೆಡರ್ ಬೇಕು, ಮೂರೂ ಎಂಎಫ್‌ಡಿ ಮೂಲಕ ಹೋಗಬಹುದಾ, ಒಪ್ಪಿಗೆಯಿದ್ದರೆ ಅಕ್ಡ್-ಬೈ (ಅಕ್‌ನ ಸಾಲು) ಕೊಡಿ. ಇದನ್ನು ಕೇಳಬೇಕಾದವರು ಕಳಿಸಿದವರೇ, ಮೇಂಟೇನರ್‌ಗಳಿಗೆ ದಿನವೂ ರಾಶಿ ಮೇಲ್ ಬರುತ್ತದೆ.

ಬಾಬಾಬುಡನ್_ಬೈಟ್
ಒಂದು ಮಾತು ಸೇರಿಸುತ್ತೇನೆ. ಐಐಒದವರ ಟ್ರೀಯಲ್ಲಿ ಅದೇ ಫೈಲ್‌ಗಳ ಮೇಲೆ ಬೇರೆ ಕೆಲಸ ನಡೆದಿದ್ದರೆ ಬರೀ ಅಕ್ ಸಾಲದು, ಇಮ್ಯೂಟಬಲ್ ಬ್ರಾಂಚ್ (ಆಮೇಲೆ ಬದಲಾಯಿಸದ, ಎಲ್ಲರೂ ಹಂಚಿಕೊಳ್ಳುವ ಕವಲು) ಬೇಕು. ಎಂಎಫ್‌ಡಿಯವರು ಆರ್‌ಸಿ1ರ ಮೇಲೆ ನಿಮ್ಮ ಮೂರು ಪ್ಯಾಚ್ ಮಾತ್ರ ಹಾಕಿ, ಟ್ಯಾಗಿಗೆ ಸಹಿ ಮಾಡಿ ಕೊಡುತ್ತಾರೆ, ಬೇಕಾದವರು ತಮ್ಮ ಟ್ರೀಗೆ ಪುಲ್ ಮಾಡಿಕೊಳ್ಳುತ್ತಾರೆ (ಎಳೆದುಕೊಳ್ಳುತ್ತಾರೆ). ಕಮಿಟ್ ಐಡಿ (ಬದಲಾವಣೆಯ ಗುರುತು) ಎಲ್ಲರಲ್ಲೂ ಒಂದೇ ಇರುವುದರಿಂದ ಲಿನಕ್ಸ್ ಮುಖ್ಯಸ್ಥ ಟೊರ್ವಾಲ್ಡ್ಸ್ ಎರಡೂ ಟ್ರೀ ಎಳೆದುಕೊಂಡಾಗ ಗಿಟ್‌ಗೆ (ಬದಲಾವಣೆಗಳ ಲೆಕ್ಕ ಇಡುವ ಸಾಧನ) ಗೊಂದಲವಿಲ್ಲ. ಹಿಂದೊಮ್ಮೆ ನನ್ನ ಪ್ಯಾಚನ್ನು ಇಬ್ಬರು ಬೇರೆ ಬೇರೆಯಾಗಿ ಹಾಕಿಕೊಂಡರು, ಒಬ್ಬರು ಆಮೇಲೆ ಕೆಕಾನ್‌ಫಿಗ್‌ನಲ್ಲಿ (ಡ್ರೈವರ್ ಆಯ್ಕೆಗಳ ಫೈಲ್) ಅದೇ ಸಾಲು ತಿದ್ದಿದರು, ಲಿನಕ್ಸ್-ನೆಕ್ಸ್ಟ್‌ನಲ್ಲಿ (ಎಲ್ಲ ಟ್ರೀ ಸೇರಿಸಿ ನೋಡುವ ಪರೀಕ್ಷಾ ಟ್ರೀ) ಕಾನ್‌ಫ್ಲಿಕ್ಟ್ ಬಂದು ಮೂರು ದಿನ ನಿದ್ದೆ ಬರಲಿಲ್ಲ. ಆ ಇಮ್ಯೂಟಬಲ್ ಬ್ರಾಂಚನ್ನು ಮಾತ್ರ ಆಮೇಲೆ ಯಾರೂ ರೀಬೇಸ್ ಮಾಡಬಾರದು (ಬೇರೆ ಬುಡದ ಮೇಲೆ ಕೂರಿಸಬಾರದು). ಮತ್ತೆ, ಒಂದೊಂದೇ ಪ್ಯಾಚ್ ಹಾಕುತ್ತಾ ಹೋದ ಹಾಗೆ ಪ್ರತಿ ಹಂತದಲ್ಲೂ ಕರ್ನಲ್ ಬಿಲ್ಡ್ ಆಗಬೇಕು, ಇಲ್ಲದಿದ್ದರೆ ಮುಂದೆ ಬೈಸೆಕ್ಟ್ ಮಾಡುವವರಿಗೆ (ಯಾವ ಬದಲಾವಣೆಯಿಂದ ದೋಷ ಬಂತು ಅಂತ ಹುಡುಕುವವರಿಗೆ) ತುಂಬಾ ಕಷ್ಟ.

ಸಕಲೇಶಪುರ_ಘಾಟ್
ನನಗೆ ಇಷ್ಟೆಲ್ಲ ಬೇಡ ಅನ್ನಿಸುತ್ತದೆ. ಈ ಸಲ ಮೊದಲ ಪ್ಯಾಚ್ ಮಾತ್ರ ಹೋಗಲಿ, ಮುಂದಿನ ಆರ್‌ಸಿ1 ಬಂದ ಮೇಲೆ ಉಳಿದೆರಡು ಅವರವರ ಟ್ರೀಗೆ ಹೋಗಲಿ. ಒಂದು ಬಿಡುಗಡೆಗೆ 9-10 ವಾರ, ಅಷ್ಟೇ ಅಲ್ವಾ?

ಬಾಬಾಬುಡನ್_ಬೈಟ್
@ಸಕಲೇಶಪುರ_ಘಾಟ್ ಬಳಸುವವರೇ ಇಲ್ಲದ ಹೆಡರನ್ನು ಒಳಗೆ ಬಿಡೋಕೆ ಜಾಸ್ತಿ ಜನ ಒಪ್ಪುವುದಿಲ್ಲ. ಆರ್‌ಸಿ6 ದಾಟಿದರೆ ನೀವು ಹೇಳಿದ ದಾರಿ ನೋಡಬಹುದು. ಈಗ ಇನ್ನೂ ಹೊತ್ತಿದೆ.

ಮೂಡಿಗೆರೆ_ಮಳೆ
ಕಂಪೈಲರ್ ಅಣ್ಣ, ನೀವು ಹೇಳಿದ್ದೇ ಸರಿ, ಕವರ್ ಲೆಟರ್ ಎಂಎಫ್‌ಡಿಯವರಿಗೆ ಮಾತ್ರ ಹೋಗಿತ್ತು. ನಿನ್ನೆ ಕರೆಂಟ್ ಬಂದ ಕೂಡಲೇ ಮೂವರಿಗೂ ಬರೆದೆ. ಜಿಪಿಐಒ ಅಕ್ ರಾತ್ರಿಯೇ ಬಂತು. ಐಐಒದವರು ಬ್ರಾಂಚ್ ಕೇಳಿದ್ದಾರೆ, ಅವರ ಮೇಕ್‌ಫೈಲ್‌ನಲ್ಲಿ (ಏನೇನು ಬಿಲ್ಡ್ ಆಗಬೇಕೆಂಬ ಪಟ್ಟಿ) ನನ್ನ ಸಾಲಿನ ಪಕ್ಕದಲ್ಲೇ ಬೇರೆ ಡ್ರೈವರ್ ಬಂದಿದೆ. ವಿ5 ಅನ್ನು ಆರ್‌ಸಿ1ರ ಮೇಲೆ ಕೂರಿಸಿ, ಒಂದೊಂದೇ ಪ್ಯಾಚ್ ಹಾಕಿ ಬಿಲ್ಡ್ ಮಾಡುತ್ತಿದ್ದೇನೆ. ಎರಡು ಮುಗಿಯಿತು, ಮೂರನೆಯದು ಓಡುತ್ತಿದೆ.