ಮುದ್ರಣ ಇಂಕ್‌ನ ದ್ರಾವಕವಾದ ಟಾಲ್ಯೂಯಿನ್ ಆವಿಯ ಮಿತಿ 100ರಿಂದ 20 ಪಿಪಿಎಂಗೆ ಇಳಿಸಿದರೆ ಖರ್ಚಿನ ಲೆಕ್ಕ ಎಲ್ಲಿಂದ ಶುರು ಮಾಡೋದು?

ಪೀಣ್ಯ_ಮುದ್ರಣ: 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿದ ಎರಡನೇ ಅನುಸೂಚಿಯಲ್ಲಿ ಟಾಲ್ಯೂಯಿನ್‌ಗೆ ಎಂಟು ಗಂಟೆಯ ಸರಾಸರಿ ಮಿತಿ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ಅಂತ ಇಟ್ಟಿದ್ದರು. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್ 2007ರಿಂದಲೂ 20 ಸಾಕು ಅನ್ನುತ್ತಿದೆ. ನಮ್ಮಲ್ಲೂ 20 ಆಗಲಿ ಅಂತ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇವೆ. ಸಣ್ಣ ಗ್ರೇವ್ಯೂರ್ (ಕೆತ್ತಿದ ಸಿಲಿಂಡರ್‌ನಿಂದ ಮುದ್ರಿಸುವ) ಘಟಕಗಳಿಗೆ ಇದು ಆಗುವ ಮಾತೇ? ಎಲ್ಲರೂ ಆವಿ ಹೊರಗೆಳೆಯುವ ಬ್ಲೋವರ್‌ನ ಕೊಟೇಶನ್ ತಂದು ಅದನ್ನೇ ಒಟ್ಟು ಖರ್ಚು ಅಂತ ತೋರಿಸ್ತಿದ್ದಾರೆ.

ಗಾಳಿ_ಮಾಪನ: ಕೊಟೇಶನ್ ಆಮೇಲೆ. ಮೊದಲು ಈಗ ಎಷ್ಟಿದೆ ಅಂತ ಅಳೆಯಬೇಕು, ಅದೂ ಕೆಲಸಗಾರರ ಕಾಲರ್‌ಗೆ ಆವಿ ಹೀರಿಕೊಳ್ಳುವ ಚಾರ್‌ಕೋಲ್ (ಇದ್ದಿಲು) ಟ್ಯೂಬ್ ಸಿಕ್ಕಿಸಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ ಎನ್ಐಒಎಸ್ಎಚ್‌ನ 1501 ವಿಧಾನದಲ್ಲಿ ಒಂದು ಟ್ಯೂಬ್‌ಗೆ ಗರಿಷ್ಠ 8 ಲೀಟರ್ ಗಾಳಿ. ಪಂಪ್ ನಿಮಿಷಕ್ಕೆ 0.2 ಲೀಟರ್‌ನಂತೆ ಇಡೀ ಶಿಫ್ಟ್ ಓಡಿದರೆ 96 ಲೀಟರ್ ಆಗುತ್ತೆ. ಟ್ಯೂಬ್ ತುಂಬಿ ಆವಿ ಸೋರಿಹೋಗಿ, ರೀಡಿಂಗ್ ಸುಳ್ಳೇ ಕಡಿಮೆ ಬರುತ್ತೆ. 0.015ಕ್ಕೆ ಇಟ್ಟರೆ 480 ನಿಮಿಷಕ್ಕೆ 7.2 ಲೀಟರ್. ಟ್ಯೂಬಿನ ಹಿಂಭಾಗದಲ್ಲಿ ಮುಂಭಾಗದ ಶೇ. 10ಕ್ಕಿಂತ ಹೆಚ್ಚು ಸಿಕ್ಕರೆ ಆ ಸ್ಯಾಂಪಲ್ ಬಿಸಾಕಿ. ಆಪರೇಟರ್, ಇಂಕ್ ಬೆರೆಸುವವರು, ಸಿಲಿಂಡರ್ ತೊಳೆಯುವವರು, ಮೂವರನ್ನೂ ಬೇರೆ ಬೇರೆ ಅಳೆಯಿರಿ. ತೊಳೆಯುವವರು ಉಸಿರಾಡುವ ಆವಿಯ ಪ್ರಮಾಣವನ್ನು ಸರಾಸರಿಯಲ್ಲಿ ಮುಚ್ಚಿಹಾಕೋದು ಅನ್ಯಾಯ.

ಡಕ್ಟ್_ಲೆಕ್ಕ: ಬ್ಲೋವರ್ ದೊಡ್ಡದು ಮಾಡೋ ಮುಂಚೆ ಹುಡ್ (ಆವಿ ಎಳೆದುಕೊಳ್ಳುವ ಬಾಯಿ) ಆವಿ ಏಳುವ ಜಾಗದ ಹತ್ತಿರ ತನ್ನಿ. ಅಂಚಿಲ್ಲದ ಹುಡ್‌ಗೆ ಬೇಕಾದ ಗಾಳಿ = ವೇಗ × (10 × ದೂರದ ವರ್ಗ + ಬಾಯಿಯ ವಿಸ್ತೀರ್ಣ). 0.1 ಚದರ ಮೀಟರ್ ಬಾಯಿ, ಸೆಕೆಂಡಿಗೆ 0.5 ಮೀಟರ್ ವೇಗ ಇಟ್ಟುಕೊಳ್ಳಿ: 30 ಸೆಂ.ಮೀ. ದೂರದಲ್ಲಿ ಗಂಟೆಗೆ 1,800 ಘನ ಮೀಟರ್ ಬೇಕು, 15 ಸೆಂ.ಮೀ.ಗೆ ತಂದರೆ 585 ಸಾಕು. ಅದೇ ಬ್ಲೋವರ್ ಸ್ಪೀಡ್ ಒಂದೂವರೆ ಪಟ್ಟು ಏರಿಸಿದರೆ ಕರೆಂಟು ಸುಮಾರು 3.4 ಪಟ್ಟು! ಇಂಕ್ ಟ್ರೇಗೆ ಮುಚ್ಚಳ, ಒರೆಸಿದ ಬಟ್ಟೆಗೆ ಮುಚ್ಚಿದ ಡಬ್ಬ, ಇವಕ್ಕೆ ಖರ್ಚೇ ಇಲ್ಲ ಅನ್ನಬಹುದು. ಹೊರಗೆ ಎಳೆದಷ್ಟೇ ಗಾಳಿ ಒಳಗೆ ಬರುವ ದಾರಿಯೂ ಅಂದಾಜಿನಲ್ಲಿ ಇರಲಿ, ಇಲ್ಲದಿದ್ದರೆ ಹುಡ್ ಎಳೆಯೋದೇ ಇಲ್ಲ.

ಕಾನೂನು_ಅಂದಾಜು: ಅಮೆರಿಕದ ಕೆಲಸದ ಸ್ಥಳದ ಸುರಕ್ಷತಾ ಇಲಾಖೆ ಒಷಾ 1989ರಲ್ಲಿ 376 ವಸ್ತುಗಳ ಮಿತಿಯನ್ನು ಒಂದೇ ಏಟಿಗೆ ಬದಲಿಸಹೊರಟಿತು. ಪ್ರತಿ ವಸ್ತುವಿನ ಅಪಾಯ, ಪ್ರತಿ ಉದ್ಯಮಕ್ಕೆ ಮಿತಿ ಪಾಲಿಸಲು ಸಾಧ್ಯವೇ ಅನ್ನೋದನ್ನು ಬೇರೆಬೇರೆಯಾಗಿ ತೋರಿಸಿಲ್ಲ ಅಂತ 1992ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ನಿಮ್ಮ ಟಿಪ್ಪಣಿ ಗ್ರೇವ್ಯೂರ್‌ಗೇ ಸೀಮಿತವಾಗಿರಲಿ.

ಬಂಡವಾಳವನ್ನು ವಾರ್ಷಿಕಕ್ಕೆ ಇಳಿಸಿ: 10 ಲಕ್ಷ, 10 ವರ್ಷ, ಶೇ. 10 ಬಡ್ಡಿ ಅಂದರೆ ವರ್ಷಕ್ಕೆ ಸುಮಾರು 1.63 ಲಕ್ಷ. ಕರೆಂಟು, ಸ್ಯಾಂಪಲಿಂಗ್ ಸೇರಿಸಿ. ಒಷಾ ಬಳಸುವ ಮೊದಲ ಜರಡಿ: ಈ ವಾರ್ಷಿಕ ಖರ್ಚು ವಹಿವಾಟಿನ ಶೇ. 1 ಅಥವಾ ಲಾಭದ ಶೇ. 10 ದಾಟಿದರೆ ಮಾತ್ರ ಆ ಉದ್ಯಮವನ್ನು ಆಳವಾಗಿ ನೋಡುವುದು.

ಇನ್ನೊಂದು ಗಟ್ಟಿ ಸಾಕ್ಷಿ ನಮ್ಮಲ್ಲೇ ಇದೆ. ಆಹಾರ ಪ್ಯಾಕೇಜಿಂಗ್ ಇಂಕ್‌ನ ಐಎಸ್ 15495 ಮಾನಕ 2020ರಲ್ಲೇ ಟಾಲ್ಯೂಯಿನ್ ಕೈಬಿಟ್ಟಿದೆ.

ಪೀಣ್ಯ_ಮುದ್ರಣ: ಅಂದರೆ ಟಾಲ್ಯೂಯಿನ್ ಬಿಟ್ಟು ಈಥೈಲ್ ಅಸಿಟೇಟ್ ಅನ್ನೋ ಇನ್ನೊಂದು ದ್ರಾವಕಕ್ಕೆ ಹೋದರೆ ಮುಗೀತಾ?

ಡಕ್ಟ್_ಲೆಕ್ಕ: ಅದೊಂದೇ ಆದರೆ ತೀರಾ ಬೇಗ ಒಣಗಿ ಸಿಲಿಂಡರ್ ಸೆಲ್‌ಗಳು (ಇಂಕ್ ನಿಲ್ಲುವ ಸಣ್ಣ ಕುಳಿಗಳು) ಕಟ್ಟಿಕೊಳ್ಳುತ್ತವೆ. ಎನ್-ಪ್ರೊಪೈಲ್ ಅಸಿಟೇಟ್ ಬೆರೆಸಿ, ಅದರ ಆವಿಯಾಗುವ ವೇಗ ಟಾಲ್ಯೂಯಿನ್‌ಗೆ ಹತ್ತಿರ. ಈಥೈಲ್ ಅಸಿಟೇಟ್‌ನ ಫ್ಲಾಶ್ ಪಾಯಿಂಟ್ (ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ) ಮೈನಸ್ 4 ಡಿಗ್ರಿ, ಟಾಲ್ಯೂಯಿನ್‌ನದು 4. ಆದ್ದರಿಂದ ಫ್ಲೇಮ್‌ಪ್ರೂಫ್ ಮೋಟಾರ್, ಡ್ರಮ್ ಅರ್ಥಿಂಗ್ ಎರಡನ್ನೂ ಖರ್ಚಿನ ಪಟ್ಟಿಗೆ ಸೇರಿಸಿ.